ಈಗ ಏನು ಓದ್ತಿದ್ದೀರಿ, ಯಾರಿಂದ ಇಸ್ಕೊಂಡ್ರಿ? ನಮ್ಮ ಓದುಗರ ಬಳಗಕ್ಕೆ ಪದೇ ಪದೇ ಬರುವ ಪ್ರಶ್ನೆಗಳು

ಮೈಸೂರಿನಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗ ನಮ್ಮದು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದಲೂ ಜನ ಬರುತ್ತಾರೆ. ಹೆಸರಿಲ್ಲ, ಬ್ಯಾನರ್ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಬಳಗದ ನಿಯಮ, ಕೆಲವು ನನ್ನದೇ ಹಠ. ಯಾವುದು ಯಾವುದು ಅಂತ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಸೇರೋಕೆ ಏನು ಮಾಡಬೇಕು? ಫೀಸು ಇದೆಯಾ?

ಬಂದು ಕೂತರೆ ಆಯ್ತು. ಫೀಸಿಲ್ಲ, ಫಾರಂ ಇಲ್ಲ. ಕಾಫಿ ಅವರವರ ಖರ್ಚು. ಮಳೆ ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆ ಕಡೆ, ಮಳೆ ಬಂದರೆ ಯಾರಾದರೊಬ್ಬರ ಮನೆ.

ಸೇರಿದಾಗ ಏನು ಮಾತಾಡ್ತೀರಿ? ಭಾಷಣ ಇರುತ್ತಾ?

ಭಾಷಣ ಇಲ್ಲ. ಒಬ್ಬೊಬ್ಬರೂ ಎರಡು ವಿಷಯ ಹೇಳಬೇಕು. ಈಗ ಏನು ಓದುತ್ತಿದ್ದೇನೆ, ಆ ಪುಸ್ತಕ ನನಗೆ ಎಲ್ಲಿಂದ ಸಿಕ್ಕಿತು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ನಾವು ಬಿಡದೆ ಕೇಳುತ್ತೇವೆ. ಅತ್ತೆಮನೆಯ ಅಟ್ಟದಿಂದ ಇಳಿದದ್ದು, ಲೈಬ್ರರಿಯಿಂದ ತಂದದ್ದು, ರೈಲಿನಲ್ಲಿ ಪಕ್ಕದವರ ಕೈಯಲ್ಲಿದ್ದದ್ದನ್ನು ಓರೆಗಣ್ಣಲ್ಲಿ ನೋಡಿ ಹೆಸರು ಬರೆದುಕೊಂಡದ್ದು, ಹೀಗೆ ಒಂದೊಂದಕ್ಕೂ ಒಂದು ದಾರಿ ಇರುತ್ತದೆ.

ಇದರಲ್ಲಿ ಕುತೂಹಲ ಎಷ್ಟಿದೆಯೋ ಉಪಯೋಗವೂ ಅಷ್ಟೇ ಇದೆ. ಕನ್ನಡ ಪುಸ್ತಕದ ಮೊದಲ ಪುಟ ತಿರುಗಿಸಿದರೆ ‘ಪ್ರತಿಗಳು: 1000’ ಅಂತ ಇರುತ್ತದೆ, ನೋಡಿದ್ದೀರಲ್ಲ? ಆ ಸಾವಿರ ಮುಗಿದ ಮೇಲೆ ಎಷ್ಟೋ ಪುಸ್ತಕಗಳು ಮತ್ತೆ ಅಚ್ಚಾಗುವುದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ‘ಸ್ಟಾಕ್ ಇಲ್ಲ ಸಾರ್’. ಆಗ ಯಾರ ಮನೆಯ ಕಪಾಟಿನಲ್ಲಿ ಒಂದು ಪ್ರತಿ ಉಳಿದಿದೆ ಅನ್ನೋದು ಗೊತ್ತಿದ್ದರೆ ಮಾತ್ರ ಓದಬಹುದು.

ಪುಸ್ತಕ ಪೂರ್ತಿ ಮುಗಿಸಿರಬೇಕಾ?

ಬೇಡ. ಮುಗಿಸದೇ ಬಂದರೆ ನಮಗೆ ಇನ್ನೂ ಇಷ್ಟ. ಮುಗಿಸಿದವರು ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಲೇಬೇಕು’ ಅಂದು ಸುಮ್ಮನಾಗುತ್ತಾರೆ. ನಡುವೆ ಇರುವವರ ಮಾತಿನ ರುಚಿಯೇ ಬೇರೆ. ನಮ್ಮಲ್ಲಿ ಒಬ್ಬರು ಭೈರಪ್ಪನವರ ಮಹಾಭಾರತದ ಕಾದಂಬರಿ ‘ಪರ್ವ’ದ ಮಧ್ಯದಲ್ಲಿದ್ದಾಗ ಬಂದು ಕುಂತಿಯ ಮೇಲೆ ಕೆಂಡ ಕಾರಿದರು. ಮುಂದಿನ ತಿಂಗಳು ಅವರೇ ಕುಂತಿಯ ಪರ ವಕಾಲತ್ತು ಹಿಡಿದು ಕೂತಿದ್ದರು. ಪುಸ್ತಕ ಮುಗಿಸಿಯೇ ಬಂದಿದ್ದರೆ ಆ ಮೊದಲ ಸಿಟ್ಟು ನಮಗೆ ಸಿಗುತ್ತಲೇ ಇರಲಿಲ್ಲ.

ಅರ್ಧಕ್ಕೆ ಬಿಟ್ಟದ್ದನ್ನೂ ಧಾರಾಳವಾಗಿ ಹೇಳಿ. ಯಾವ ಪುಟದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಹೇಳಿದರೆ ಸಾಕು. ದೊಡ್ಡ ಲೇಖಕರ ಪುಸ್ತಕ ಬೋರ್ ಹೊಡೆಸಿತು ಅಂದರೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಪಕ್ಕದಲ್ಲಿ ಕೂತವರು ‘ಹೌದಾ? ನನಗೆ ಕೊಡಿ, ನೋಡ್ತೀನಿ’ ಅಂತ ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ಎಷ್ಟೋ ಪುಸ್ತಕಗಳಿಗೆ ಸರಿಯಾದ ಓದುಗರು ಸಿಕ್ಕಿದ್ದು ಹೀಗೇ.

ಕಥೆಯ ಕೊನೆ ಹೇಳಬಹುದಾ?

ಪತ್ತೇದಾರಿ ಆದರೆ ಬೇಡ. ಮಿಕ್ಕದ್ದಕ್ಕೆ ಪರವಾಗಿಲ್ಲ. ಮಹಾಭಾರತದ ಕೊನೆ ಎಲ್ಲರಿಗೂ ಗೊತ್ತು, ಆದರೂ ಓದುತ್ತೇವೆ ತಾನೇ?

ಇಸ್ಕೊಂಡು ಓದೋದು ಯಾಕೆ? ಕೊಂಡುಕೊಂಡರೆ ಲೇಖಕರಿಗೆ ಒಳ್ಳೆಯದಲ್ವಾ?

ಕೊಂಡುಕೊಳ್ಳಿ, ಯಾರು ಬೇಡ ಅಂದರು? ನಮ್ಮಲ್ಲಿ ಜಾಸ್ತಿ ಇಸ್ಕೊಂಡು ಓದುವವರೇ ದಸರಾ ಪುಸ್ತಕ ಮೇಳದಲ್ಲಿ ಚೀಲ ತುಂಬಿಸಿಕೊಂಡು ಬರುವವರು. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಶುರುವಾದಾಗಂತೂ ಹಿಡಿಯುವವರಿಲ್ಲ. ಒಂದು ಪುಸ್ತಕ ಇಸ್ಕೊಂಡು ಓದಿ ಮೆಚ್ಚಿದವರು ಅದೇ ಲೇಖಕರ ಮಿಕ್ಕ ಪುಸ್ತಕಗಳನ್ನು ಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಆದರೆ ನನ್ನ ಅನುಭವದ ಮಾತು ಬೇರೆ ಇದೆ. ಕೊಂಡ ಪುಸ್ತಕಕ್ಕೆ ಅವಸರವಿಲ್ಲ. ಹೇಗೂ ಮನೆಯಲ್ಲೇ ಇದೆಯಲ್ಲ, ರಜೆ ಬರಲಿ, ಮಗಳ ಪರೀಕ್ಷೆ ಮುಗಿಯಲಿ, ದಸರಾ ಕಳೆಯಲಿ ಅಂತ ಅದು ಕಾಯುತ್ತಲೇ ಇರುತ್ತದೆ. ಇಸ್ಕೊಂಡ ಪುಸ್ತಕದ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಮುಂದಿನ ತಿಂಗಳು ಎದುರಿಗೆ ಕೂತು ‘ಏನಾಯ್ತು, ಓದಿದ್ರಾ?’ ಅಂತ ಕೇಳುತ್ತಾನೆ. ಅದಕ್ಕಾದರೂ ಓದುತ್ತೇವೆ. ಬಳಗ ನಡೆಯುತ್ತಿರುವುದೇ ಈ ಒಂದು ಪ್ರಶ್ನೆಯ ಮೇಲೆ.

ಎಷ್ಟು ದಿನ ಇಟ್ಕೋಬಹುದು? ಲೆಕ್ಕ ಯಾರು ಇಡ್ತಾರೆ?

ಒಂದು ಸಭೆಯಿಂದ ಮುಂದಿನ ಸಭೆವರೆಗೆ. ದಪ್ಪ ಪುಸ್ತಕ ಆದರೆ ಇನ್ನೊಂದು ತಿಂಗಳು. ಅದರ ಮೇಲೂ ಬೇಕಾದರೆ ಕೊಟ್ಟವರನ್ನೇ ಕೇಳಿ, ಬಳಗ ನಡುವೆ ಬರುವುದಿಲ್ಲ.

ಲೆಕ್ಕಕ್ಕೆ ಒಂದು ಲಾಂಗ್ ನೋಟ್‌ಬುಕ್ ಇದೆ. ಸ್ಕೇಲ್ ಇಟ್ಟು ಎಳೆದ ಐದು ಕಾಲಂ: ಪುಸ್ತಕ, ಕೊಟ್ಟವರು, ತಗೊಂಡವರು, ತಾರೀಖು, ವಾಪಸ್. ಮೊಬೈಲಿನಲ್ಲಿ ಶೀಟ್ ಮಾಡೋಣ ಅಂತ ಹುಡುಗರು ಆಗಾಗ ಹೇಳುತ್ತಾರೆ. ನಾನು ಒಪ್ಪಿಲ್ಲ. ನೋಟ್‌ಬುಕ್ಕಿನಲ್ಲಿ ಅವರವರ ಕೈಬರಹದಲ್ಲೇ ಹೆಸರು ಬರೆಯಬೇಕು. ತನ್ನ ಕೈಯಲ್ಲೇ ಬರೆದದ್ದನ್ನು ಎಲ್ಲರ ಮುಂದೆ ಓದಿದಾಗ ‘ನಾನು ತಗೊಂಡೇ ಇಲ್ಲ’ ಅನ್ನೋಕೆ ಬಾಯಿ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ‘ವಾಪಸ್’ ಕಾಲಂ ಪಕ್ಕದ ಖಾಲಿ ಜಾಗದಲ್ಲಿ ಜನ ತಾವಾಗಿಯೇ ಒಂದೆರಡು ಮಾತು ಬರೆಯೋಕೆ ಶುರು ಮಾಡಿದ್ದಾರೆ. ‘ರಾತ್ರಿ ಓದಬೇಡಿ’ ಅಂತ ಒಬ್ಬರು. ‘ಮೊದಲ 40 ಪುಟ ತಡ್ಕೊಳ್ಳಿ’ ಅಂತ ಇನ್ನೊಬ್ಬರು. ಒಂದು ಕಾದಂಬರಿಯ ಮುಂದೆ ಮೂರು ಬೇರೆ ಬೇರೆ ಕೈಬರಹದಲ್ಲಿ ‘ಅತ್ತೆ ಪಾತ್ರ!!’ ಅಂತ ಇದೆ, ವಿವರ ಇಲ್ಲ. ಅದನ್ನು ನೋಡಿಯೇ ನಾಲ್ಕನೆಯವರು ಅದನ್ನು ತಗೊಂಡು ಹೋದರು.

ವಾಪಸ್ ಬರದಿದ್ದರೆ?

ಪುಸ್ತಕ, ಹೆಣ್ಣು, ಹಣ ಪರಹಸ್ತ ಸೇರಿದರೆ ಹೋಯ್ತು ಅನ್ನುವ ಹಳೇ ಶ್ಲೋಕವನ್ನು ಪ್ರತಿ ಸಲ ಒಬ್ಬರಾದರೂ ಹೇಳುತ್ತಾರೆ. ಹೇಳಿ, ತಮ್ಮ ಚೀಲದಿಂದ ಇನ್ನೊಬ್ಬರ ಪುಸ್ತಕ ತೆಗೆದು ಮೇಜಿನ ಮೇಲೆ ಇಡುತ್ತಾರೆ. (ಆ ಶ್ಲೋಕದಲ್ಲಿ ಹೆಣ್ಣನ್ನು ದುಡ್ಡಿನ ಸಾಲಿಗೆ ಸೇರಿಸಿರುವುದಕ್ಕೆ ನಮ್ಮ ಮೇಡಂ ಒಬ್ಬರು ಪ್ರತಿ ಸಲ ಜಗಳ ತೆಗೆಯುತ್ತಾರೆ. ಅದೂ ಸರಿಯೇ.)

ನೋಟ್‌ಬುಕ್ ಬಂದ ಮೇಲೆ ಕಳೆದುಹೋಗುವುದು ಕಮ್ಮಿ. ವಾಪಸ್ ಕೊಡದವರಲ್ಲಿ ಮುಕ್ಕಾಲುಪಾಲು ಜನ ಕಳ್ಳರಲ್ಲ, ಓದದೇ ಕೊಡೋಕೆ ನಾಚಿಕೆಪಡುವವರು. ಅವರಿಗೆ ಒಂದೇ ಮಾತು: ಓದಿಲ್ಲ ಅಂತಲೇ ವಾಪಸ್ ಕೊಡಿ. ನಿಜವಾಗಿ ಕಳೆದಿದ್ದರೆ ಅದೇ ಪುಸ್ತಕ ಕೊಡಿಸಬೇಕು. ಅಚ್ಚಿನಲ್ಲಿ ಇಲ್ಲದ್ದಾದರೆ ಕೊಟ್ಟವರು ಕೇಳಿದ ಬೇರೆ ಪುಸ್ತಕ. ಅಜ್ಜನ ಸಹಿ ಇರುವ ಪ್ರತಿ, ಲೇಖಕರೇ ಹೆಸರು ಬರೆದುಕೊಟ್ಟ ಪ್ರತಿ, ಇಂಥದ್ದನ್ನು ದಯವಿಟ್ಟು ಮನೆಯಲ್ಲೇ ಇಡಿ. ಅದಕ್ಕೆ ಬದಲಿ ಕೊಡಿಸೋಕೆ ಯಾರಿಂದಲೂ ಆಗುವುದಿಲ್ಲ.

ಗೀಟು ಹಾಕಬಹುದಾ? ಪುಟ ಮಡಿಸಬಹುದಾ?

ಪುಟ ಮಡಿಸಬೇಡಿ. ಪೆನ್ನು ಬೇಡವೇ ಬೇಡ. ಪೆನ್ಸಿಲ್ ಬಗ್ಗೆ ಬಳಗದಲ್ಲಿ ಎರಡು ಪಕ್ಷ ಇದೆ, ನಾನು ಪೆನ್ಸಿಲ್ ಪಕ್ಷ. ಕೊಟ್ಟವರು ಒಪ್ಪಿದರೆ ಅಂಚಿನಲ್ಲಿ ಸಣ್ಣಗೆ ಗುರುತು ಮಾಡಿದರೆ ಏನೂ ತಪ್ಪಿಲ್ಲ. ಹಿಂದಿನ ಓದುಗರು ಎಲ್ಲಿ ನಿಂತರು ಅನ್ನೋದು ತಿಳಿಯುತ್ತದೆ. ಲೈಬ್ರರಿ ಪುಸ್ತಕಗಳಲ್ಲಿ ಹಿಂದಿನವರು ಬರೆದದ್ದನ್ನೇ ಓದೋಕೆ ನನಗೆ ಖುಷಿ. ನಾಯಕಿ ಮದುವೆಗೆ ಒಪ್ಪಿದ ಕಡೆ ‘ಅಯ್ಯೋ ಪೆದ್ದಿ’. ಪುಟ 20ರಲ್ಲಿ ‘ನನ್ನ ಹೆಸರು ಬೇಕಾದರೆ ಪುಟ 65 ನೋಡಿ’, ಅಲ್ಲಿ ಹೋದರೆ ‘ಪುಟ 112 ನೋಡಿ’, ಅಲ್ಲಿ ‘ಕತ್ತೆ ಅಂತ ನಿನ್ನ ಹೆಸರು’. ಕನ್ನಡ ಓದಿದವರಲ್ಲಿ ಈ ಕತ್ತೆ ಆಗದೇ ಇರುವವರು ಯಾರಿದ್ದಾರೆ ಹೇಳಿ.

ಹಾಗಂತ ನೀವು ಲೈಬ್ರರಿ ಪುಸ್ತಕದಲ್ಲಿ ಬರೆಯಬೇಡಿ.

ಸರ್ಕಾರಿ ಲೈಬ್ರರಿಯಲ್ಲಿ ಮೆಂಬರ್ ಆಗೋದು ಹೇಗೆ? ಹೋದರೆ ನಮಗೆ ಬೇಕಾದ್ದು ಸಿಗುತ್ತಾ?

ಮೊದಲು ಒಂದು ವಿಷಯ. ಮನೆ ಕಂದಾಯ ಕಟ್ಟುವವರು ಆಗಲೇ ಲೈಬ್ರರಿಗೆ ದುಡ್ಡು ಕೊಡುತ್ತಿದ್ದೀರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ರಸೀದಿ ತೆಗೆದು ನೋಡಿ, ಒಂದು ಸಾಲಿನಲ್ಲಿ ಇರುತ್ತದೆ. ಕೊಟ್ಟ ದುಡ್ಡಿಗಾದರೂ ಹೋಗಿ ಬನ್ನಿ.

ಕೂತು ಓದೋಕೆ ದುಡ್ಡಿಲ್ಲ. ಮನೆಗೆ ತರಬೇಕಾದರೆ ಅರ್ಜಿ, ಫೋಟೊ, ವಿಳಾಸದ ದಾಖಲೆ, ಜೊತೆಗೆ ಸಣ್ಣ ಠೇವಣಿ. ಸದಸ್ಯತ್ವ ಬಿಟ್ಟಾಗ ಠೇವಣಿ ವಾಪಸ್ ಬರುತ್ತದೆ. ಹೋಗುವ ಮುಂಚೆ ರಜೆ ವಿಚಾರಿಸಿ. ಭಾನುವಾರ ತೆಗೆದಿದ್ದು ಸೋಮವಾರ ಮುಚ್ಚಿರುವುದು ವಾಡಿಕೆ.

ಹುಡುಕುವ ಬಗ್ಗೆ ಒಂದು ಗುಟ್ಟು. ಪುಸ್ತಕದ ಬೆನ್ನಿನ ಮೇಲೆ ಚೀಟಿಯಲ್ಲಿ ನಂಬರ್ ಇರುತ್ತದಲ್ಲ, ಅದನ್ನು ಓದೋಕೆ ಕಲಿತರೆ ಅರ್ಧ ಕೆಲಸ ಮುಗಿಯಿತು. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಕಡೆ ಕನ್ನಡ ಸಾಹಿತ್ಯಕ್ಕೆ 894.814. ಅದರ ಕೊನೆಗೆ 1 ಇದ್ದರೆ ಕಾವ್ಯ, 2 ನಾಟಕ, 3 ಕಥೆ ಮತ್ತು ಕಾದಂಬರಿ, 4 ಪ್ರಬಂಧ. 894.8143 ಇರುವ ರ‍್ಯಾಕಿನ ಮುಂದೆ ಸುಮ್ನೆ ನಿಂತು ಒಂದೊಂದೇ ಎಳೆದು ನೋಡಿ. ಹುಡುಕಿಕೊಂಡು ಹೋದ ಪುಸ್ತಕ ಸಿಗದೇ ಇರಬಹುದು, ಅದರ ಪಕ್ಕದ್ದು ಸಿಗುತ್ತದೆ. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿಯನ್ನೂ ನೋಡಿ. ಒಂದರ ಕೆಳಗೊಂದು ಸೀಲು ಬಿದ್ದು ಚೀಟಿ ತುಂಬಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕೊನೆಯ ಸೀಲು ಹತ್ತು ಹದಿನೈದು ವರ್ಷ ಹಳೆಯದಾಗಿದ್ದರೂ ತಗೊಳ್ಳಿ ಅನ್ನುವವನು ನಾನು. ಪಾಪ, ಅದನ್ನೂ ಯಾರಾದರೂ ಹೊರಗೆ ಕರೆದುಕೊಂಡು ಹೋಗಬೇಡವೇ?

ಮೊಬೈಲಿನಲ್ಲೇ ಓದುವವರಿಗೆ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ. ನೋಂದಣಿ ಉಚಿತ.

ಓರಿಯಂಟಲ್ ಲೈಬ್ರರಿಯಿಂದ ಪುಸ್ತಕ ತರಬಹುದಾ?

ಈ ಪ್ರಶ್ನೆ ಕೇಳುವವರು ಬಹಳ. ಅದು ನಾವು ನೀವು ಕಾದಂಬರಿ ತರುವ ಲೈಬ್ರರಿ ಅಲ್ಲ. 1891ರಲ್ಲಿ ಶುರುವಾದ ಸಂಸ್ಥೆ, ಈಗ ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳನ್ನು ಕಾಪಾಡುವುದು, ಶೋಧಿಸಿ ಅಚ್ಚು ಹಾಕಿಸುವುದು ಅವರ ಕೆಲಸ. ಕೌಟಿಲ್ಯನ ಅರ್ಥಶಾಸ್ತ್ರ ಇಲ್ಲಿಗೆ ಬಂದ ಹಸ್ತಪ್ರತಿಯಲ್ಲೇ ಸಿಕ್ಕಿದ್ದು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮ ಹತ್ತಿರ ಇದ್ದ ಗರಿಗಳ ಕಟ್ಟನ್ನು ತಂದು ಕೊಟ್ಟಿದ್ದು ಅದು. ಕೊಡದೇ ಮನೆಯಲ್ಲೇ ಕಟ್ಟಿಟ್ಟುಕೊಂಡಿದ್ದರೆ? ಪುಸ್ತಕ ಹೊರಗೆ ಕೊಡೋಕೆ ಹಿಂದೆಮುಂದೆ ನೋಡುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಮಂಡ್ಯದವರು ಏನು ಮಾಡಬೇಕು? ಪ್ರತಿ ಸಲ ಮೈಸೂರಿಗೆ ಬರೋಕಾಗಲ್ಲ.

ಬರಲೇಬೇಕು ಅಂತಿಲ್ಲ. ದಿನಾ ಮೈಸೂರು–ಮಂಡ್ಯ ಓಡಾಡುವವರು ನಮ್ಮಲ್ಲಿ ಇದ್ದಾರೆ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕೈಗೆ ಕೊಟ್ಟರೆ ಸಾಯಂಕಾಲಕ್ಕೆ ಪುಸ್ತಕ ಊರು ಬದಲಾಯಿಸಿರುತ್ತದೆ. ಪಾಂಡವಪುರದವರು ಪ್ಲಾಟ್‌ಫಾರಂ ಮೇಲೆ ನಿಂತು ಕಿಟಕಿಯಲ್ಲೇ ಇಸ್ಕೊಂಡದ್ದೂ ಉಂಟು. ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಆದ್ದರಿಂದ ಅಲ್ಲಿ ವಿಮರ್ಶೆ ಬೇಡ.

ಆದರೆ ಮಂಡ್ಯ ಜಿಲ್ಲೆಯವರು ಪುಸ್ತಕಕ್ಕೆ ಮೈಸೂರಿನ ಕಡೆ ನೋಡುವುದೇ ನನಗೆ ವಿಚಿತ್ರ. ಪಾಂಡವಪುರದ ಪಕ್ಕ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ ಸಂಬಳವನ್ನೆಲ್ಲ ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಕೂಡಿಹಾಕಿದ್ದಾರೆ. 2026ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಪುಸ್ತಕ ಕಪಾಟಿನಲ್ಲಿ ಎಷ್ಟಿದೆಯೋ ನೆಲದ ಮೇಲೆ ರಾಶಿಯಾಗಿ ಅದಕ್ಕಿಂತ ಜಾಸ್ತಿ ಇದೆ. ಇಂಥದ್ದೇ ಬೇಕು ಅಂತ ಅವಸರದಲ್ಲಿ ಹೋಗಬೇಡಿ. ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಈಗ ‘ಅರಿವು ಕೇಂದ್ರ’ ಅನ್ನುತ್ತಾರೆ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಮಕ್ಕಳ ಹೆಸರು ಬರೆಸಿದ್ದೀರಾ ನೋಡಿಕೊಳ್ಳಿ.

ಪೋಸ್ಟಿನಲ್ಲಿ ಪುಸ್ತಕ ಕಳಿಸೋಕೆ ಎಷ್ಟಾಗುತ್ತೆ?

ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟ್ ದರ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಪ್ರಕಾಶಕರು, ಓದುಗರು ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ್ ಪೋಸ್ಟ್’ ತಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊಗೆ 100 ರೂಪಾಯಿ, ತೆರಿಗೆ ಬೇರೆ. ಕವರಿನ ಮೇಲೆ ‘ಜ್ಞಾನ್ ಪೋಸ್ಟ್’ ಅಂತ ಬರೆಯಬೇಕು. ಅಚ್ಚಾದ ಪುಸ್ತಕಕ್ಕೆ ಮಾತ್ರ ಇದು. ಒಳಗೆ ಕಾಗದ ಬರೆದು ಇಡುವಂತಿಲ್ಲ. ಹೇಳುವುದೇನಿದ್ದರೂ ಫೋನಿನಲ್ಲಿ ಹೇಳಿ. ಕೌಂಟರಿನಲ್ಲಿ ಕೇಳಿಯೇ ಪಡೆಯಿರಿ, ಸುಮ್ಮನೆ ಚಾಚಿದರೆ ಸ್ಪೀಡ್ ಪೋಸ್ಟ್ ಆಗಿಬಿಡುತ್ತದೆ.

ಪಿಡಿಎಫ್ ಇದ್ರೆ ಕಳಿಸಿ ಪ್ಲೀಸ್.

ಇದು ಪ್ರಶ್ನೆ ಅಲ್ಲ, ಆದರೂ ದಿನಾ ಬರುತ್ತದೆ. ಉತ್ತರ: ಕಳಿಸುವುದಿಲ್ಲ. ನನ್ನ ಪ್ರತಿಯನ್ನು ನಿಮಗೆ ಓದೋಕೆ ಕೊಟ್ಟರೆ ಅದು ಎರವಲು. ಸ್ಕ್ಯಾನ್ ಮಾಡಿ ನೂರು ಜನಕ್ಕೆ ಹಂಚಿದರೆ ಅದು ಬೇರೆಯವರ ಅನ್ನಕ್ಕೆ ಕೈ ಹಾಕಿದಂತೆ.

ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಬೇಕು. ತ್ರಿವೇಣಿಯವರು ಹೋದದ್ದು 1963ರಲ್ಲಿ, ಹಾಗಾಗಿ 2023ರ ಕೊನೆಗೆ ಅವರ ಪುಸ್ತಕಗಳ ಹಕ್ಕಿನ ಅವಧಿ ಮುಗಿಯಿತು. ಬಿ.ಎಂ.ಶ್ರೀ ಅವರದ್ದು ಎಂದೋ ಮುಗಿದಿದೆ. ಕುವೆಂಪು ಅವರದ್ದು 2054ರವರೆಗೆ ಇದೆ, ಮಾಸ್ತಿಯವರದ್ದು 2046ರವರೆಗೆ. ಲೆಕ್ಕ ಹಾಕೋದು ಇಷ್ಟೇ ಸುಲಭ. ಹಕ್ಕು ಮುಗಿದದ್ದನ್ನು ಕೇಳಿ, ಹುಡುಕಿಕೊಡುತ್ತೇವೆ. ನಿಘಂಟು, ಕೋಶ ಬೇಕಾದರೆ ನಮ್ಮೂರಿನದೇ ಭಾರತೀಯ ಭಾಷಾ ಸಂಸ್ಥಾನದವರು ನಡೆಸುವ ‘ಭಾರತವಾಣಿ’ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು.

ಸದ್ಯ ಬಳಗದಲ್ಲಿ ಜಾಸ್ತಿ ಕೈ ಬದಲಾಗ್ತಿರೋ ಪುಸ್ತಕಗಳು ಯಾವುವು?

ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಕಥೆಗಳಿಗೆ ಸಾಲು ನಿಂತಿತು. ಆ ವರ್ಷದ ದಸರಾ ಉದ್ಘಾಟನೆಯೂ ಅವರದ್ದೇ ಆದದ್ದರಿಂದ ಮೈಸೂರಿನಲ್ಲಿ ಬೇಡಿಕೆ ಇನ್ನೂ ಜಾಸ್ತಿ ಆಯಿತು. ಇಲ್ಲಿ ಒಂದು ಗೊಂದಲ ಪರಿಹರಿಸಬೇಕು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ನಲ್ಲಿ ಇರುವುದು 12 ಕಥೆ. ಹಲವು ವರ್ಷಗಳಲ್ಲಿ ಬಂದ ಬೇರೆ ಬೇರೆ ಸಂಕಲನಗಳಿಂದ ಆರಿಸಿದ್ದು ಅವು. ಅದಕ್ಕೇ ಲೈಬ್ರರಿಯಲ್ಲಿ ಅವರ ಯಾವ ಹಳೇ ಸಂಕಲನ ಸಿಕ್ಕರೂ ತಗೊಳ್ಳಿ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ಕುವೆಂಪುನಗರದಲ್ಲಿ ಅವರನ್ನು ಕಂಡವರು, ವಾಕಿಂಗಿನಲ್ಲಿ ನಮಸ್ಕಾರ ಹೇಳಿದವರು ಮೈಸೂರಿನಲ್ಲಿ ಸಾವಿರಾರು ಜನ. ಆಮೇಲೆ ಕೆಲವು ತಿಂಗಳು ನಮ್ಮ ನೋಟ್‌ಬುಕ್ಕಿನಲ್ಲಿ ಬರೀ ಅವರದ್ದೇ ಹೆಸರು. ನನಗೆ ಆಶ್ಚರ್ಯ ಆದದ್ದು, ಜನ ಕೇಳಿದ್ದು ಗಲಾಟೆ ಎಬ್ಬಿಸಿದ ಕಾದಂಬರಿಗಳನ್ನಲ್ಲ, ‘ಗೃಹಭಂಗ’ವನ್ನು. ಅವರ ವಿಚಾರ ಒಪ್ಪದವರೂ ಅದನ್ನು ಇಸ್ಕೊಂಡು ಹೋದರು. ಅದರ ನಾಯಕಿ ನಂಜಮ್ಮನ ವಿಷಯದಲ್ಲಿ ಪಕ್ಷಭೇದ ಇಲ್ಲ.

ವರ್ಷ ಪೂರ್ತಿ ಓಡಾಡುವುದು ತ್ರಿವೇಣಿ. ಮೈಸೂರಿನಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ, ನೋಡಿ ಬಂದವರು ತಪ್ಪದೆ ಒಂದು ಕಾದಂಬರಿ ಕೇಳುತ್ತಾರೆ. ಮಂಡ್ಯದವರು ತಮ್ಮ ಜಿಲ್ಲೆಯ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರನ್ನು ಬಿಟ್ಟುಕೊಡುವುದಿಲ್ಲ. 1942ರಲ್ಲಿ ಬಂದ ‘ಮೈಸೂರ ಮಲ್ಲಿಗೆ’ಯಲ್ಲಿ ಮೈಸೂರು ಬರೀ ಹೆಸರಿಗೆ, ಮಣ್ಣೆಲ್ಲ ನಮ್ಮದೇ ಅನ್ನೋದು ಅವರ ಖಾಯಂ ವಾದ.

ಇನ್ನೊಂದು ಥರದ ‘ಪುಸ್ತಕ’ವೂ ಬರುತ್ತದೆ. ‘ಸುಧಾ’, ‘ತರಂಗ’ದಲ್ಲಿ ಬಂದ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ಮೈದಾ ಗೋಂದು ಹಚ್ಚಿ, ದಾರ ಹೊಲಿದು ಮಾಡಿದ ಬೈಂಡು. ಸರಸ್ವತಿಪುರದ ಅಜ್ಜಿಯೊಬ್ಬರು ತಂದ ಬೈಂಡಿನಲ್ಲಿ ಒಂದು ಕಂತು ಇರಲಿಲ್ಲ. ಆ ಜಾಗದಲ್ಲಿ ಒಂದು ಹಾಳೆ ಸೇರಿಸಿ, ಪಕ್ಕದ ಮನೆಯವರಿಂದ ಕೇಳಿದ ಕಥೆಯನ್ನು ತಮ್ಮದೇ ಮಾತಿನಲ್ಲಿ ಒಂದೂವರೆ ಪುಟ ಬರೆದಿದ್ದರು. ಕೆಳಗೆ ಸಣ್ಣಗೆ: ‘ಇಷ್ಟೇ ಅಂತೆ’. ಬೈಂಡಿಗೆ ಇರುವ ಸಾಲು ಇನ್ನೂ ಕರಗಿಲ್ಲ.

ಕನ್ನಡ ಓದಿ ಎಷ್ಟೋ ವರ್ಷ ಆಯ್ತು, ನಿಧಾನ ಆಗುತ್ತೆ. ಎಲ್ಲಿಂದ ಶುರು ಮಾಡಲಿ?

ದಪ್ಪ ಪುಸ್ತಕದಿಂದ ಬೇಡ. ‘ಮಲೆಗಳಲ್ಲಿ ಮದುಮಗಳು’ ಹಿಡಿದು ಹೊಸ ವರ್ಷದ ಸಂಕಲ್ಪ ಮಾಡುವವರು ಸಂಕ್ರಾಂತಿ ಹೊತ್ತಿಗೆ ಸುಸ್ತಾಗಿರುತ್ತಾರೆ. ತೇಜಸ್ವಿಯವರ ‘ಕರ್ವಾಲೊ’ ತಗೊಳ್ಳಿ. ತೆಳ್ಳಗಿದೆ, ನಗಿಸುತ್ತದೆ, ಮುಗಿಸಿದ ಧೈರ್ಯ ಬರುತ್ತದೆ. ಇಲ್ಲಾ ಪ್ರಬಂಧ ಓದಿ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ ಒಂದು ಪ್ರಬಂಧ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಓದಬಹುದು.

ಮಕ್ಕಳಿಗಾದರೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ವೆಬ್‌ಸೈಟಿನಲ್ಲಿ ಮಟ್ಟಕ್ಕೆ ತಕ್ಕಂತೆ ಕನ್ನಡ ಕಥೆಗಳು ಪುಕ್ಕಟೆ ಇವೆ. ಆದರೆ ಅವರ ಕೈಯಲ್ಲಿ ಕಾಗದದ ಪುಸ್ತಕ ಇರಲಿ, ಹರಿದರೂ ಚಿಂತೆಯಿಲ್ಲ. ಬಳಗದಲ್ಲಿ ಮಕ್ಕಳ ಪುಸ್ತಕಕ್ಕೆ ವಾಪಸ್ ತಾರೀಖು ಇಟ್ಟಿಲ್ಲ.

‘ಕುಸುಮಬಾಲೆ’ ತಗೊಂಡೆ, ಒಂದು ಪುಟವೂ ಮುಂದೆ ಹೋಗ್ತಿಲ್ಲ. ಏನು ಮಾಡಲಿ?

ಜೋರಾಗಿ ಓದಿ. ಕಣ್ಣಲ್ಲಿ ಓದಿದರೆ ತೊಡರುತ್ತದೆ, ಬಾಯಲ್ಲಿ ಓದಿದರೆ ಸಲೀಸು. ದೇವನೂರ ಮಹಾದೇವ ಆ ಕಾದಂಬರಿಯನ್ನು ಬರೆದದ್ದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಆ ಕಡೆಯವರು ಬಳಗದಲ್ಲಿ ಇದ್ದಾರೆ, ಒಂದು ಸಲ ಅವರಿಂದ ಓದಿಸಿದೆವು. ದೀಪಗಳ ಜೋತಮ್ಮಂದಿರು ಒಂದೆಡೆ ಸೇರಿ ಮಾತಾಡುವ ಭಾಗ ಬಂದಾಗ, ಅದೇ ಪುಸ್ತಕವನ್ನು ಅರ್ಥವಾಗಲಿಲ್ಲ ಅಂತ ವಾಪಸ್ ಕೊಟ್ಟಿದ್ದ ಬೆಂಗಳೂರಿನ ಹುಡುಗ ಎದ್ದು ಬಂದು ಅವರ ಪಕ್ಕ ಕೂತು ಸಾಲು ಸಾಲು ನೋಡುತ್ತಿದ್ದ. ಕೊನೆಗೆ ಇಸ್ಕೊಂಡು ಹೋದ. ಗೊತ್ತಿಲ್ಲದ ಪದಕ್ಕೆ ನಿಲ್ಲಬೇಡಿ, ಮುಂದೆ ಹೋಗಿ.

ಪುಸ್ತಕಕ್ಕೆ ಹುಳ ಬಿದ್ದಿದೆ. ಬೇರೆಯವರಿಗೆ ಕೊಡಬಹುದಾ?

ಈಗಲೇ ಬೇಡ, ಹುಳವನ್ನೂ ಎರವಲು ಕೊಟ್ಟ ಹಾಗಾಗುತ್ತದೆ. ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಒಂದೆರಡು ವಾರ ಫ್ರೀಜರಿನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಕವರ್ ಬಿಚ್ಚಬೇಡಿ, ನೀರು ಹಿಡಿಯುತ್ತದೆ. ಪೂರ್ತಿ ಬೆಚ್ಚಗಾಗಲಿ. ಬೆಳ್ಳಗೆ ಮಿಂಚಿ ಓಡುವ ಹುಳ ಬರುವುದು ಗೋಂದಿನ ಆಸೆಗೆ. ಮೈದಾ ಹಚ್ಚಿದ ಹಳೇ ಬೈಂಡುಗಳಿಗೆ ಅದರ ಕಾಟ ಜಾಸ್ತಿ. ಬೇವಿನ ಎಲೆ ಇಡುವುದಾದರೆ ಚೆನ್ನಾಗಿ ಒಣಗಿದ್ದನ್ನು ಇಡಿ, ಹಸಿ ಎಲೆ ತೇವ ಬಿಡುತ್ತದೆ. ಹರಿದ ಪುಟಕ್ಕೆ ಸೆಲ್ಲೊಟೇಪ್ ಬೇಡ. ಕೆಲವೇ ವರ್ಷದಲ್ಲಿ ಹಳದಿ ಕಲೆ ಮಾತ್ರ ಉಳಿಯುತ್ತದೆ.

ಅಪ್ಪನ ಪುಸ್ತಕಗಳಿವೆ, ಎಲ್ಲ ಕೊಟ್ಟುಬಿಡಬೇಕು. ತಗೋತೀರಾ?

ಬಳಗಕ್ಕೆ ಜಾಗ ಇಲ್ಲ, ಮನುಷ್ಯರು ಇದ್ದಾರೆ. ನಾವು ಬಂದು ನೋಡಿ, ಯಾವುದು ಯಾರಿಗೆ ಬೇಕು ಅಂತ ಹಂಚಿಕೊಡುತ್ತೇವೆ. ಮೊದಲು ಮನೆಯವರೇ ಕೂತು ಒಂದು ಸಲ ಪುಟ ತಿರುಗಿಸಿ. ಹಳೇ ಕಾಗದ, ಫೋಟೊ, ಕೆಲವೊಮ್ಮೆ ನೋಟು ಸಿಗುತ್ತದೆ. ಹಳೇ ಗೈಡು, ರದ್ದಾದ ಸಿಲೆಬಸ್ಸಿನ ಪಠ್ಯ, ಕಂಪನಿ ಡೈರಿ ತಗೊಳ್ಳುವುದಿಲ್ಲ. ಅವು ಗುಜರಿಗೇ ಹೋಗಲಿ, ಬೇಜಾರು ಮಾಡ್ಕೋಬೇಡಿ.

ಲೈಬ್ರರಿಗೇ ಕೊಡಬೇಕು ಅನ್ನುವವರು ಅವರಿಗೆ ಏನು ಬೇಕು ಅಂತ ಕೇಳಿ ಕೊಡಿ. 2021ರ ಏಪ್ರಿಲಿನಲ್ಲಿ ರಾಜೀವನಗರದಲ್ಲಿ ಕೂಲಿ ಮಾಡುವ ಹಿರಿಯರೊಬ್ಬರು ನಡೆಸುತ್ತಿದ್ದ ಲೈಬ್ರರಿಗೆ ಬೆಂಕಿ ಬಿತ್ತು. ಸುಮಾರು 11,000 ಪುಸ್ತಕ ಬೂದಿಯಾದವು. ಆಗ ಎಲ್ಲೆಲ್ಲಿಂದಲೋ ಪುಸ್ತಕ ಕೊಡುತ್ತೇವೆ ಅಂದವರು ಬಹಳ. ಅದು ಒಳ್ಳೆಯದೇ. ಆದರೆ ಅಂಥ ಕಡೆ ಬೇಕಾಗಿರುವುದು ಜನ ಬಂದು ಓದುವ ಪುಸ್ತಕ. ನಮ್ಮ ಮನೆಯ ಅಟ್ಟ ಖಾಲಿ ಮಾಡುವುದು ದಾನ ಆಗುವುದಿಲ್ಲ.

ಇಂಗ್ಲಿಷ್ ಪುಸ್ತಕ ತರಬಹುದಾ?

ತನ್ನಿ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆ ಇಟ್ಟುಕೊಂಡ ಊರಿನಲ್ಲಿ ಬೇಡ ಅನ್ನೋಕಾಗುತ್ತಾ? ಮಾತು ಮಾತ್ರ ಕನ್ನಡದಲ್ಲಿ.

ನಾನೇ ಬರೆದ ಪುಸ್ತಕ ತರಬಹುದಾ?

ಒಂದು ಪ್ರತಿ ತನ್ನಿ, ಮೇಜಿನ ಮೇಲೆ ಇಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರಾದರೂ ತಗೊಂಡು ಹೋಗುತ್ತಾರೆ. ಮುಂದಿನ ತಿಂಗಳು ‘ಹೇಗಿತ್ತು?’ ಅಂತ ನೀವಾಗಿ ಕೇಳುವಂತಿಲ್ಲ. ಕವನ ಸಂಕಲನವಾದರೆ ಸಭೆಯಲ್ಲಿ ಓದಿ ತೋರಿಸುವಂತಿಲ್ಲ. ಈ ನಿಯಮ ಯಾಕೆ ಬಂತು ಅಂತ ಹಳಬರನ್ನು ಕೇಳಿ. ಹೇಳುತ್ತಾರೆ, ಸ್ವಲ್ಪ ದೂರ ಕರೆದುಕೊಂಡು ಹೋಗಿ.